ಜೀಪಿನ ಎಡಗಡೆಯ ಪಾವಟಿಗೆ

ಖಾನಾಪುರ
೧೨ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಅತ್ತೆಯವರಿಗೆ,

ಜೀಪು ಏರು ಹತ್ತಿತು ಅತ್ತೆ, ಜಾಂಬೋಟಿಯ ಆಚೆಯ ಆ ಕೆಂಪು ಮಣ್ಣಿನ ಏರು, ಮೊನ್ನೆ ಭಾನುವಾರ, ಒಂದೇ ಉಸಿರಿಗೆ, ನಾಲ್ಕೂ ಗಾಲಿಗಳ ಬಲದ ಮೇಲೆ, ಮತ್ತು ಅರ್ಧ ಏರಿನಿಂದ ಮೇಲಕ್ಕೆ ಸ್ಟೇರಿಂಗ್ ಹಿಡಿದಿದ್ದವಳು ನಾನು! ಶರಣು ಹೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಕ್ಷಮಿಸಿ. ನಾಲ್ಕು ದಿನದಿಂದ ಈ ಸುದ್ದಿಯನ್ನು ಬಾಯಲ್ಲಿ ಬಿಸಿ ಹೋಳಿಗೆ ಇಟ್ಟುಕೊಂಡವಳ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಈಗ ಕ್ರಮವಾಗಿ ಶುರು ಮಾಡುತ್ತೇನೆ. ಶರಣು ಅತ್ತೆ. ನಿಮ್ಮ ಮೊಣಕಾಲು ಹೇಗಿದೆ? ಹಾವೇರಿಯಲ್ಲಿ ಬೆಳಗಿನ ಚಳಿ ಜಾಸ್ತಿ ಎಂದು ಪ್ರಮಿಳಕ್ಕ ಹೇಳಿದರು, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತೀರೋ ಇಲ್ಲವೋ? ಬಿ.ಪಿ. ಗುಳಿಗೆಯ ಹಳೆಯ ಚೀಟಿ ಇಲ್ಲೇ ದೇವರ ಜಗಲಿಯ ಡಬ್ಬಿಯಲ್ಲಿ ಉಳಿದುಬಿಟ್ಟಿದೆ, ಅದರ ಫೋಟೊ ಪ್ರಮಿಳಕ್ಕನಿಗೆ ಕಳಿಸಿದ್ದೇನೆ. ನಿಮ್ಮ ತುಳಸಿಗೆ ದಿನವೂ ನೀರು ಹಾಕುತ್ತಿದ್ದೇನೆ. ಒಂದು ದಿನ ಮರೆತೆ, ಅದನ್ನೂ ಹೇಳಿಬಿಡುತ್ತೇನೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀವು ಕೇಳುತ್ತೀರಿ. ಯಾಕೆಂದರೆ ಅಲ್ಲಿ ನಿಮ್ಮ ಮಗಳ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿ ಊಟದ ಮೇಜಿನ ನಡುವೆ ಇಡುತ್ತಾರೆ, ಆಮೇಲೆ ನೀವು "ಆರಾಮ ಅದೀನಿ, ನೀವು ಆರಾಮ ಇರ್ರಿ" ಎಂದು ಎರಡು ಮಾತು ಆಡಿ ಮೊಮ್ಮಕ್ಕಳ ಕೈಗೆ ಕೊಟ್ಟುಬಿಡುತ್ತೀರಿ. ಅಷ್ಟು ಜನರ ನಡುವೆ ನನಗೂ ಬೇಕಾದ ಮಾತು ಬರುವುದಿಲ್ಲ. ನೀವಾದರೋ ಬಿಸ್ಕತ್ತಿನ ಕಾಗದವನ್ನೂ ಬಿಡದೆ ಕನ್ನಡಕ ಹಾಕಿಕೊಂಡು ಪೂರ್ತಿ ಓದುವವರು. ನಾನು ಓದಿದ್ದು ಇಂಗ್ಲಿಷ್ ಸಾಲಿ, ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಎತ್ತಿ ನಿಲ್ಲಿಸಿ ಓದಿಕೊಳ್ಳಿ. ಇನ್ನೊಂದು ಮಾತು, ಗಂಡನ ಹೆಸರು ಹಿಡಿದು ಕರೆಯಬೇಡ ಎಂದು ಮದುವೆಯಾದ ವಾರದಲ್ಲೇ ಹೇಳಿದ್ದಿರಿ. ಬಾಯಿಗೆ ಇನ್ನೂ ಅಭ್ಯಾಸವಾಗಿಲ್ಲ, ಆದರೆ ಕೈ ನನ್ನ ಮಾತು ಕೇಳುತ್ತದೆ. ಹಾಗಾಗಿ ಈ ಪತ್ರದ ಉದ್ದಕ್ಕೂ ಅವರು 'ನಿಮ್ಮ ಮಗ'.

ನಿಮ್ಮ ಮಗ ಚೆನ್ನಾಗಿದ್ದಾರೆ ಎಂದು ಬರೆಯಬೇಕು. ಉದ್ಯಮಬಾಗದ ಕಾರ್ಖಾನೆಗೆ ದಿನವೂ ಹೋಗುತ್ತಾರೆ, ಲೇಥ್ ಯಂತ್ರದ ಮುಂದೆ ನಿಂತು ಬರುತ್ತಾರೆ, ಮಾಡಿದ್ದನ್ನು ಉಣ್ಣುತ್ತಾರೆ. ಆದರೆ ನೀವು ಹೋದಾಗಿನಿಂದ ಎರಡು ತಿಂಗಳಲ್ಲಿ ಅವರು ನಿಮ್ಮೊಡನೆ ಸರಿಯಾಗಿ ಮಾತಾಡಿಲ್ಲ, ನೀವೂ ಅವರೊಡನೆ ಮಾತಾಡಿಲ್ಲ. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಒಂದು ಚೀಲ ಹಿಡಿದು ಹೊರಟವರು ದೀಪಾವಳಿಗೂ ಬರಲಿಲ್ಲ. ನಮ್ಮ ಮೊದಲ ದೀಪಾವಳಿ ಎಂದು ನಾವಿಬ್ಬರೂ ಶಹಾಪುರಕ್ಕೆ ನನ್ನ ತವರಿಗೆ ಹೋದೆವು. ಬೀಗರು ಎಲ್ಲಿ ಎಂದು ನನ್ನ ಅಪ್ಪ ಕೇಳಿದಾಗ ನಿಮ್ಮ ಮಗ, ಅವ್ವ ಮೊಮ್ಮಕ್ಕಳನ್ನು ನೋಡಲು ಹೋಗಿದ್ದಾಳೆ ಎಂದರು. ಅಪ್ಪ ನಂಬಿದರು. ನಾನು ತಲೆ ತಗ್ಗಿಸಿ ಕರ್ಚಿಕಾಯಿ ತಿಂದೆ.

ಜೀಪಿನ ಕೆಲಸ ಹೇಗೆ ನಡೆಯಿತು ಎಂಬುದನ್ನು ನಿಮಗೆ ಯಾರೂ ಕೂತು ಹೇಳಿಯೇ ಇಲ್ಲ. ಜೂನ್ ತಿಂಗಳಲ್ಲಿ ತಾಡಪತ್ರಿ ಸರಿಸಿದಾಗ ನೀವು ಅಡುಗೆಮನೆಯ ಕಿಟಕಿಯಿಂದ ನೋಡಿದಿರಿ, ಹೊರಗೆ ಬರಲಿಲ್ಲ. ಮಾವನವರು ತೀರಿಕೊಂಡು ನಾಲ್ಕು ವರ್ಷ ಅದು ಹಾಗೇ ಹಿತ್ತಲಲ್ಲಿ ನಿಂತಿತ್ತು. ಎಂಜಿನ್ ಬಿಗಿದುಕೊಂಡಿತ್ತು, ನೆಲದ ತಗಡಿನಲ್ಲಿ ನನ್ನ ಕೈ ತೂರುವಷ್ಟು ತೂತು, ಹಿಂದಿನ ಪಾಟಾಗಳು, ಅಂದರೆ ಗಾಡಿಯ ಭಾರ ಹೊರುವ ಆ ಉಕ್ಕಿನ ಪಟ್ಟಿಗಳು, ಇಪ್ಪತ್ತೈದು ವರ್ಷ ನೀರಿನ ಪಂಪು ಹೊತ್ತು ಕಮಾನು ಹೋಗಿ ಚಪ್ಪಟೆಯಾಗಿದ್ದವು. ನಿಮ್ಮ ಮಗನಿಗೆ ಇದ್ದ ಆಸೆ ಒಂದೇ. ಶನಿವಾರ ಭಾನುವಾರ ಅಪ್ಪ ಹೋಗುತ್ತಿದ್ದ ಕಾಡಿನ ಹಳ್ಳಿಗಳಿಗೆ ತಾವೂ ಹೋಗಿ ಪಂಪು ರಿಪೇರಿ ಮಾಡಬೇಕು. ಮಳೆ ಬಿದ್ದರೆ ಆ ದಾರಿಗಳಲ್ಲಿ ಹೊಟ್ಟೆ ನೆಲಕ್ಕೆ ತಾಗದೆ ಯಾವ ಗಾಡಿಯೂ ಹೋಗುವುದಿಲ್ಲ, ಆದ್ದರಿಂದ ಜೀಪನ್ನು ರಿಪೇರಿ ಮಾಡಿದರೆ ಸಾಲದು, ಎತ್ತರ ಮಾಡಬೇಕು. ನನಗೋ, ಹೊಸ ಸೊಸೆಗೆ ಒಂದು ಹೊಸ ಆಟ ಸಿಕ್ಕಿತು. ಮದುವೆಯ ಮೆಹಂದಿ ಹೋಗುವ ಮೊದಲೇ ಉಗುರಿನ ಸಂದಿಯಲ್ಲಿ ಗ್ರೀಸು ಸೇರಿತು. ನೀವು ನನ್ನ ಕೈ ನೋಡಿ ಸೀಗೆಕಾಯಿ ಪುಡಿ ಕೊಟ್ಟಿರಿ.

ದೇಸೂರಿನ ಬಾಬಾಜಾನ ಚಾಚಾ ಬಂದು ಜೀಪನ್ನು ತಮ್ಮ ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಮಾವನವರ ಕಾಲದಿಂದ ಈ ಜೀಪನ್ನು ಮುಟ್ಟಿದ ಕೈ ಅವರದೊಂದೇ ಎಂದು ನಿಮಗೆ ನಾನು ಹೇಳಬೇಕಿಲ್ಲ. ಎಂಜಿನ್ ಬಿಚ್ಚಿದರು, ಅದರ ಕೆಲಸಕ್ಕೇ ಒಂದು ತಿಂಗಳು ಹಿಡಿಯಿತು. ಆಮೇಲೆ ಪಾಟಾಗಳನ್ನು ತೆಗೆದು ಕಾಯಿಸಿ ಹೊಸ ಕಮಾನು ಕೊಟ್ಟು, ಒಂದೊಂದಕ್ಕೆ ಒಂದೊಂದು ಪಟ್ಟಿ ಹೆಚ್ಚು ಸೇರಿಸಿದರು. ಅವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೊಂಡಿಗಳನ್ನು ನಿಮ್ಮ ಮಗ ಉದ್ದ ಮಾಡಿ ತಂದರು. ಮೂರು ಇಂಚು ಎತ್ತರ ಸಿಕ್ಕಿತು. ನಾನು ಅಂಗಳದಲ್ಲೇ ಕುಣಿದೆ. ಚಾಚಾ ಮಾತ್ರ ಕುಣಿಯಲಿಲ್ಲ. ಕೆಳಗೆ ಮಲಗಿ ಒಂದು ಗಂಟೆ ಬ್ಯಾಟರಿ ಹಿಡಿದು ನೋಡಿದರು. ಬ್ರೇಕಿನ ರಬ್ಬರ್ ಪೈಪು ಮೊದಲು ಸಡಿಲ ಇದ್ದದ್ದು ಈಗ ಹಗ್ಗದಂತೆ ಬಿಗಿದು ನಿಂತಿತ್ತು, ಗಾಲಿಯೊಂದು ಹಳ್ಳಕ್ಕೆ ಇಳಿದರೆ ಕಿತ್ತುಬರುತ್ತಿತ್ತು. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟು ಓರೆಯಾಗಿ, ನಲವತ್ತರ ವೇಗಕ್ಕೆ ಇಡೀ ಗಾಡಿ ನಡುಗುತ್ತಿತ್ತು. ಪೈಪು ಉದ್ದದ್ದು ಹಾಕಿದರು. ನಿಮ್ಮ ಮಗ ಕಾರ್ಖಾನೆಯಲ್ಲಿ ಉಕ್ಕಿನ ಬೆಣೆ ಕಡೆದು ತಂದು ಪಾಟಾದ ಕೆಳಗೆ ಕೂರಿಸಿದ ಮೇಲೆ ನಡುಕ ನಿಂತಿತು. ಆಗ ಚಾಚಾ ಕೈ ಒರೆಸಿಕೊಳ್ಳುತ್ತ ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಗಾಡಿ ಎತ್ತೂದು ದೊಡ್ಡ ಮಾತಲ್ಲ ಬೇಟಿ. ಎತ್ತಿದ ಮ್ಯಾಲ ಯಾವ್ಯಾವದು ಗಿಡ್ಡ ಬೀಳತೈತಿ, ಅದನ್ನ ಹುಡುಕೂದ ಕೆಲಸ."

ನಾವು ಹುಡುಕದೆ ಬಿಟ್ಟದ್ದು ಖಂಡೆ ನವಮಿಯ ದಿನ ಸಿಕ್ಕಿತು. ಆಯುಧ ಪೂಜೆ ಮನೆಯಲ್ಲೇ ಆಗಲಿ ಎಂದು ಅರ್ಧ ಕೆಲಸದ ಜೀಪನ್ನು ದೇಸೂರಿನಿಂದ ತಂದು ಬಾಗಿಲ ಮುಂದೆ ನಿಲ್ಲಿಸಿದ್ದೆವು. ನೀವು ತೊಳೆದ ಇಳಕಲ್ ಸೀರೆ ಉಟ್ಟು, ಚೆಂಡು ಹೂವಿನ ಮಾಲೆ ಭುಜದ ಮೇಲೆ ಹಾಕಿಕೊಂಡು ಬಂದಿರಿ. ಒಳಗೆ ಮಾಲೆ ಹಾಕಲು ಎಂದಿನಂತೆ ನಿಮ್ಮ ಸೀಟಿನ ಕಡೆಯಿಂದ, ಎಡಗಡೆಯಿಂದ, ಹತ್ತಲು ಹೋದಿರಿ. ಮುಂದಿನ ಗಾಜಿನ ಕಂಬ ಹಿಡಿದು, ಕೆಳಗೆ ನೋಡದೆ, ಕಾಲು ಎತ್ತಿ ಇಟ್ಟಿರಿ. ಕಾಲಿಗೆ ಏನೂ ಸಿಗಲಿಲ್ಲ. ನೀವು ಬೀಳಲಿಲ್ಲ, ಕಂಬ ಹಿಡಿದಿದ್ದಿರಿ, ಆದರೆ ಆ ಕಾಲು ಗಾಳಿಯಲ್ಲಿ ಎರಡು ಸಲ ಹುಡುಕಿತು. ಆಮೇಲೆ ಬಗ್ಗಿ ನೋಡಿದಿರಿ. ಎಡಗಡೆಯ ಕಬ್ಬಿಣದ ಪಾವಟಿಗೆ, ನೀವು ಕಾಲಿಟ್ಟು ಹತ್ತುತ್ತಿದ್ದ ಆ ಮೆಟ್ಟಿಲು, ಇರಲಿಲ್ಲ. ಗ್ಯಾಸಿನಿಂದ ಕೊಯ್ದ ಎರಡು ಕಪ್ಪು ಮೋಟು ಉಳಿದಿದ್ದವು. ನೀವು ಮಗನ ಮುಖ ನೋಡಿದಿರಿ. ಅವರು, "ನಾನ ಕೊಯ್ಸೇನಿ ಅವ್ವಾ. ಕಲ್ಲಿಗೆ ಬಡೀತಿತ್ತು" ಎಂದರು. ನೀವು ಮಾಲೆಯನ್ನು ನನ್ನ ಕೈಗೆ ಕೊಟ್ಟು, "ನೀನ ಹಾಕವಾ, ನಿನ್ನ ಕಾಲು ಎಟಕತಾವ" ಎಂದಿರಿ. ಆರತಿ ಮಾಡಿದಿರಿ, ತೆಂಗಿನಕಾಯಿ ಒಡೆಸಿದಿರಿ, ಎಲ್ಲರಿಗೂ ಪ್ರಸಾದ ಕೊಟ್ಟಿರಿ. ಮರುದಿನ ಹಾವೇರಿಯ ಗಾಡಿ ಹತ್ತಿದಿರಿ.

ಒಂದು ಕಬ್ಬಿಣದ ತುಂಡಿಗೆ ಇಷ್ಟು ನೋವೇ ಎಂದು ನನಗೆ ಆಗ ತಿಳಿಯಲಿಲ್ಲ. ನಿಮ್ಮ ಮಗನನ್ನು ಕೇಳಿದರೆ ಕಾಲು ತಪ್ಪಿದ್ದಕ್ಕೆ ಅವಳಿಗೆ ಹೆದರಿಕೆ ಆಗಿದೆ, ಅಷ್ಟೇ ಎಂದರು. ಕೊನೆಗೆ ನವೆಂಬರಿನಲ್ಲಿ ಬಾಬಾಜಾನ ಚಾಚಾರನ್ನೇ ಕೇಳಿದೆ. ಕೊಯ್ದ ದಿನ ಅವರು ಪಾಟಾದ ಪಟ್ಟಿ ತರಲು ಹುಬ್ಬಳ್ಳಿಗೆ ಹೋಗಿದ್ದರು. ಬಂದು ನೋಡಿದಾಗ, ಮನೆಯವರೆಲ್ಲ ಕೂಡಿ ತೀರ್ಮಾನಿಸಿರಬೇಕು, ನಾನು ಕೇಳುವುದು ಸರಿಯಲ್ಲ ಎಂದು ಸುಮ್ಮನಾದರಂತೆ. ನನಗೆ ಏನೂ ಗೊತ್ತಿಲ್ಲ ಎಂದು ತಿಳಿದ ಮೇಲೆ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತರು. ನಿಮ್ಮ ಮಗ ಹೊಟ್ಟೆಯಲ್ಲಿದ್ದು ಏಳು ತಿಂಗಳಾಗಿದ್ದಾಗ ಹದಿನೈದು ದಿನಕ್ಕೊಮ್ಮೆ ಬೆಳಗಾವಿಯ ಡಾಕ್ಟರ ಬಳಿ ಹೋಗಬೇಕಿತ್ತಂತೆ, ಮನೆಯಲ್ಲಿ ಇದ್ದದ್ದು ಈ ಜೀಪೊಂದೇ, ನಿಮಗೆ ಹತ್ತಲು ಆಗುತ್ತಿರಲಿಲ್ಲ. ಮಾವನವರು ನಿಮ್ಮನ್ನೂ ಜೀಪನ್ನೂ ಗ್ಯಾರೇಜಿಗೆ ಕರೆತಂದು, ಜೀಪಿನ ಬಾಜು ಇಟ್ಟಿಗೆ ಒಟ್ಟಿ, ಹತ್ತು ಎಂದರಂತೆ. ಇಟ್ಟಿಗೆ ಒಂದು ತೆಗೆದು ಮತ್ತೆ ಹತ್ತಿಸಿದರು, ಒಂದು ಸೇರಿಸಿ ಮತ್ತೆ. ರಸ್ತೆಯ ಮಂದಿ ನಿಂತು ನೋಡತೊಡಗಿದರು. ನೀವು ನಾಚಿ, ಮಂದಿ ನೋಡಾಕತ್ತಾರ, ಸಾಕ ಮಾಡ್ರಿ ಎಂದಿರಿ. ಅವರು, ನೋಡಲಿ ಬಿಡು, ನನಗ ನಿನ್ನ ಕಾಲಿನ ಅಳತಿ ಬೇಕು ಎಂದರು. ಯಾವ ಎತ್ತರಕ್ಕೆ ನೀವು ಕೈ ಊರದೆ ಹತ್ತಿದಿರೋ ಅಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಕೆಟ್ಟ ಪಂಪಿನ ತಳದ ತಟ್ಟೆಯೊಂದನ್ನು ಕಾಲು ಜಾರದ ಹಾಗೆ ಗೀರು ಹೊಡೆಸಿ ಕೂರಿಸಿದರು. ಚಾಚಾ ಇದನ್ನು ಹೇಳುವಾಗ ಕೈಯಲ್ಲಿ ಇಟ್ಟಿಗೆ ಇಡುವಂತೆ, ತೆಗೆಯುವಂತೆ ಮಾಡಿ ತೋರಿಸುತ್ತಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಆ ಪಾವಟಿಗೆಯನ್ನು ಹುಡುಕಿದೆ ಅತ್ತೆ. ಗ್ಯಾರೇಜಿನ ಹಿಂದಿನ ರಾಶಿ ಕೆದರಿದೆ, ಖಾನಾಪುರದ ಗುಜರಿಗೆ ಹೋದೆ, ಬೆಳಗಾವಿಯಲ್ಲಿ ಮೂರು ಗುಜರಿ ಅಂಗಡಿ ತಿರುಗಿದೆ. ಕೊಯ್ದ ವಾರದ ಮಾಲು ಭಟ್ಟಿಗೆ ಹೋಗಿ ಆಗಿತ್ತು. ಅದು ಈಗ ಕರಗಿ ಇನ್ನೇನೋ ಆಗಿರುತ್ತದೆ. ಹೊಸದು ಮಾಡಿಕೊಡಿ ಎಂದು ಚಾಚಾರಿಗೆ ದುಂಬಾಲು ಬಿದ್ದೆ. ಎಷ್ಟು ಎತ್ತರಕ್ಕೆ ಎಂದು ಕೇಳಿದರು. ಮನೆಗೆ ಬಂದು ನೀವು ದಿನವೂ ಹತ್ತುವ ಎಲ್ಲವನ್ನೂ ಟೇಪು ಹಿಡಿದು ಅಳೆದೆ. ಹಿತ್ತಲ ಮೆಟ್ಟಿಲು ಐದೂವರೆ ಇಂಚು, ಅಲ್ಲಿ ನೀವು ಏನೂ ಹಿಡಿಯುವುದಿಲ್ಲ. ಮುಂಬಾಗಿಲಿನದು ಏಳು, ಅಲ್ಲಿ ಬಾಗಿಲ ಚೌಕಟ್ಟು ಹಿಡಿಯುತ್ತೀರಿ. ದೇವರ ಕೋಣೆಯದು ನಾಲ್ಕು. ಐದು ತಿಂಗಳು ನಿಮ್ಮ ಬೆನ್ನ ಹಿಂದೆಯೇ ಓಡಾಡಿದ್ದರೂ ನೀವು ಎಲ್ಲಿ ಏನು ಹಿಡಿಯುತ್ತೀರಿ ಎಂದು ಆ ದಿನವೇ ಮೊದಲ ಸಲ ಕುಳಿತು ನೆನಪಿಸಿಕೊಂಡದ್ದು. ಚೀಟಿಯಲ್ಲಿ ಬರೆದು ಒಯ್ದು ಕೊಟ್ಟೆ. ಚಾಚಾ ಓದಿ ಕಿಸೆಯಲ್ಲಿ ಇಟ್ಟುಕೊಂಡರು, ನಗಲಿಲ್ಲ. ಆದರೂ ವೆಲ್ಡಿಂಗ್ ಕೋಲು ಮುಟ್ಟಲಿಲ್ಲ. ಗಾಡಿ ಮೂರು ಇಂಚು ಮೇಲೆ ಹೋಗಿದೆ, ವೈನಿಯವರ, ಅಂದರೆ ನಿಮ್ಮ, ಕಾಲು ಇಪ್ಪತ್ತೆಂಟು ವರ್ಷ ಮುಂದೆ ಬಂದಿದೆ ಎಂದರು. "ಅಂದಾಜಿನ ಮ್ಯಾಲ ಪಾವಟಿಗಿ ಮಾಡಾಕ ಬರೂದಿಲ್ಲ ಬೇಟಿ. ಆ ಕಾಲ ಬರಬೇಕು."

ಮೊನ್ನೆಯ ಏರಿನ ಸಂಗತಿ ಪೂರ್ತಿ ಹೇಳುತ್ತೇನೆ. ಏರಿನ ಮೇಲಿನ ಹಳ್ಳಿಯ ಫಕೀರವ್ವ ಅವರ ತೋಟದ ಪಂಪು ಎರಡು ಬೇಸಿಗೆಯಿಂದ ನಿಂತಿದೆ ಎಂದು ಕರೆ ಬಂದಿತ್ತು. ಏರಿನ ಬುಡದಲ್ಲಿ ನಿಮ್ಮ ಮಗ ಎರಡನೇ ಗೇರು ಕೋಲನ್ನು ಎಳೆದು ನಾಲ್ಕೂ ಗಾಲಿಗೆ ಬಲ ಕೊಟ್ಟರು. ಅದು ಎರಡು ವಾರದ ಹಿಂದೆ ತುಕ್ಕಿನಿಂದ ಅಲುಗಾಡುತ್ತಿರಲಿಲ್ಲ, ಈಗ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಅರ್ಧದಲ್ಲಿ ಒಂದು ಸಮತಟ್ಟು ಇದೆಯಲ್ಲ, ಅಲ್ಲಿ ನಿಲ್ಲಿಸಿ ನನ್ನನ್ನು ಸ್ಟೇರಿಂಗಿಗೆ ಕೂರಿಸಿದರು. ಕ್ಲಚ್ಚು ಮುಟ್ಟಬೇಡ, ಗಾಡಿ ತಾನೇ ತೆವಳುತ್ತದೆ, ನೀನು ದಾರಿ ತೋರಿಸು ಸಾಕು ಎಂದರು. ಖರೇನೇ ಅತ್ತೆ, ಗಾಡಿ ತಾನೇ ತೆವಳಿತು. ಕಲ್ಲಿನ ಮೇಲೆ ಒಂದು ಗಾಲಿ ಏರುತ್ತದೆ, ಇನ್ನೊಂದು ಹಳ್ಳಕ್ಕೆ ಇಳಿಯುತ್ತದೆ, ಹೊಟ್ಟೆ ಎಲ್ಲೂ ತಾಗುವುದಿಲ್ಲ. ಮೇಲೆ ತಲುಪಿದಾಗ ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ನಿಮ್ಮ ಮಗ ನಿಮ್ಮ ಸೀಟಿನಲ್ಲಿ ಕೂತಿದ್ದರು. ಶಹಬ್ಬಾಸ್ ಎಂದರು, ಇಳಿದರು, ಗಾಲಿಗಳನ್ನು ನೋಡುತ್ತ ಒಂದು ಸುತ್ತು ಬಂದರು. ಎಡಗಡೆ ಬಂದಾಗ ಆ ಎರಡು ಕಪ್ಪು ಮೋಟುಗಳ ಮೇಲೆ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ಹಾಗೇ ಕುಕ್ಕರುಗಾಲಿನಲ್ಲಿ ಕುಳಿತರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ಫಕೀರವ್ವ ಅವರು ಜೀಪಿನ ಸಪ್ಪಳ ಕೇಳಿಯೇ ಗದ್ದೆಯ ಬದುವಿನಿಂದ ಓಡಿ ಬಂದರು. ಬಂದವರು ಇಳಿದು ನಿಂತ ನಮ್ಮಿಬ್ಬರನ್ನು ಬಿಟ್ಟು ಎಡಗಡೆಯ ಸೀಟನ್ನು ನೋಡಿದರು. "ಅಕ್ಕಾರು ಎಲ್ಲಿ? ಗಾಡಿ ಬಂದು ಅಕ್ಕಾರು ಬರಲಿಲ್ಲಂದ್ರ ಅರ್ಧಾನ ಬಂದಂಗ ಆತಲ್ಲ" ಎಂದರು. ಮಾವನವರು ಪಂಪು ಬಿಚ್ಚುವಾಗ ನೀವು ಅವರ ಜೊತೆ ಮೆಣಸಿನಕಾಯಿ ಬಿಡಿಸುತ್ತ ಕೂರುತ್ತಿದ್ದುದನ್ನು ಹೇಳಿದರು. ನಿಮ್ಮ ಮಗ, ಅವ್ವಗ ಮೊಣಕಾಲು ನೋವು, ಮುಂದಿನ ಸಲ ಬರ್ತಾಳ ಎಂದು ಹೇಳಿ ಪಂಪಿನ ಕಡೆ ಹೋದರು. ಸಂಜೆಗೆ ನೀರು ಬಂತು. ಫಕೀರವ್ವ ಅವರು ನಿಮಗೆಂದು ಸಾರಿಗೆ ಹಾಕುವ ಹುಳಿ ಮುರುಗಲು ಒಂದು ಚೀಲ ಕೊಟ್ಟಿದ್ದಾರೆ, ಅದನ್ನು ನನ್ನ ಕೈಗೆ ಕೊಡದೆ ತಾವೇ ಒಯ್ದು ನಿಮ್ಮ ಸೀಟಿನ ಮೇಲೆ ಇಟ್ಟರು. ಖಾನಾಪುರದವರೆಗೂ ಅದು ಅಲ್ಲೇ ಕೂತು ಬಂತು, ನಾನು ಹಿಂದೆ ಕುಳಿತು ಬಂದೆ.

ಮನೆಗೆ ಬನ್ನಿ ಅತ್ತೆ. ಜೀಪು ಹತ್ತಲಿಕ್ಕೆ ಬನ್ನಿ ಎನ್ನುವುದಿಲ್ಲ, ಅದರ ಕಡೆ ನೀವು ಇನ್ನೆಂದೂ ನೋಡದಿದ್ದರೂ ಆಗಲಿ. ನಿಮ್ಮ ಮಗ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿಯನ್ನು ನೀವು ಮುರಿಯುವ ಹಾಗೆ ನಾಲ್ಕು ತುಂಡು ಮುರಿದು ಇಟ್ಟುಕೊಂಡು ಎರಡು ತಿಂದು ಏಳುತ್ತಾರೆ. ಮನೆಯಲ್ಲಿ ನಾನೊಬ್ಬಳೇ ಮಾತಾಡುತ್ತೇನೆ. ನಾನು ಎಷ್ಟು ಮಾತಾಡುತ್ತೇನೆ ಎಂದು ನಿಮಗೆ ಗೊತ್ತು, ಅದು ಯಾರಿಗೂ ಸಾಲುತ್ತಿಲ್ಲ.

ಪ್ರಮಿಳಕ್ಕನಿಗೂ ಭಾವನವರಿಗೂ ನನ್ನ ಶರಣು ತಿಳಿಸಿ, ಮಕ್ಕಳಿಗೆ ಮುತ್ತು. ನಿಮ್ಮ ಎರಡೂ ಪಾದ ಮುಟ್ಟಿ ನಮಸ್ಕರಿಸುತ್ತೇನೆ, ನೋಯುವ ಮೊಣಕಾಲಿನ ಕಡೆಯದಕ್ಕೆ ಒಂದು ನಮಸ್ಕಾರ ಹೆಚ್ಚು.

ನಿಮ್ಮ ಸೊಸೆ,
ನೇತ್ರಾ

ಮರೆತ ಮಾತು: ಮರೆತದ್ದಲ್ಲ ಅತ್ತೆ. ಏಳು ಪುಟ ಬರೆದರೂ ಇದನ್ನು ಬರೆಯಲಿಲ್ಲ, ಅಂಚೆ ಕಚೇರಿ ಮುಚ್ಚಲು ಅರ್ಧ ಗಂಟೆ ಇದೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಪಾವಟಿಗೆ ಕೊಯ್ಯಿಸಿದ್ದು ನಿಮ್ಮ ಮಗ ಅಲ್ಲ, ನಾನು. ಆ ದಿನ ಅವರು ಕಾರ್ಖಾನೆಯಲ್ಲಿದ್ದರು, ಚಾಚಾ ಹುಬ್ಬಳ್ಳಿಯಲ್ಲಿ. ಗ್ಯಾರೇಜಿನಲ್ಲಿ ನಾನಿದ್ದೆ, ಚಾಚಾ ಅವರ ಮಗ ಸಾದಿಕ ಇದ್ದರು. ಕೆಳಗೆ ಜೋತುಬಿದ್ದದ್ದೆಲ್ಲ ಕಲ್ಲಿಗೆ ತಾಗುತ್ತದೆ, ಮೊದಲು ಅದನ್ನು ತೆಗೆಯಿರಿ ಎಂದು ಫೋನಿನ ವಿಡಿಯೊದಲ್ಲಿ ಯಾರೋ ಹೇಳಿದ್ದನ್ನು ನೋಡಿ, ಇದನ್ನು ಕೊಯ್ದುಬಿಡಿ ಎಂದೆ. ಸಾದಿಕ ಅವರು, "ವಿನಯಣ್ಣಗ ಒಂದ ಮಾತ ಕೇಳೂಣಲ್ರಿ ವೈನಿ" ಎಂದರು. ಬೇಡ, ಅವರಿಗೆ ಸರ್‌ಪ್ರೈಸ್ ಕೊಡೋಣ ಎಂದೆ. ಸಂಜೆ ನಿಮ್ಮ ಮಗ ಬಂದು ನೋಡಿದಾಗ ಅವರ ಮುಖ ಒಂದು ಕ್ಷಣ ಬಿಳುಚಿತು. ಅದು ಏನೆಂದು ಅವರಿಗೆ ಗೊತ್ತಿತ್ತು. ನನಗೆ ಹೇಳಲಿಲ್ಲ, "ಛಲೋ ಆತು ಬಿಡು" ಎಂದರು. ಪೂಜೆಯ ದಿನ ನಿಮ್ಮ ಮುಂದೆ ತಮ್ಮ ಮೇಲೆ ಹಾಕಿಕೊಂಡರು. ಚಾಚಾರಿಂದ ವಿಷಯ ತಿಳಿದ ರಾತ್ರಿ ನಿಮಗೆ ಹೇಳಿಬಿಡುತ್ತೇನೆ ಎಂದು ಹಟ ಹಿಡಿದೆ. ಬೇಡ ಎಂದರು. "ನೀ ಹೊಸದಾಗಿ ಬಂದಾಕಿ, ನಿನ್ನ ಮ್ಯಾಲ ಆದ ಸಿಟ್ಟು ಉಳಕೋತೈತಿ. ನಾ ಮಗ. ನನ್ನ ಮ್ಯಾಲ ಎಷ್ಟ ದಿನ ಇರತೈತಿ?" ಎರಡು ತಿಂಗಳಾಯಿತು ಅತ್ತೆ. ಇದನ್ನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಓದಿದ ಕೂಡಲೇ ಅವರಿಗೆ ಒಂದು ಫೋನ್ ಮಾಡಿ, ಸ್ಪೀಕರಿಗೆ ಹಾಕದೆ. ನನ್ನ ಪಾಲಿನ ಸಿಟ್ಟನ್ನು ನನ್ನ ಎದುರಿಗೇ ಹೇಳಿ, ಅದಕ್ಕೇ ಬರುತ್ತಿದ್ದೇನೆ. ವಾಪಸು ಟಿಕೆಟ್ ತೆಗೆದಿಲ್ಲ, ನನ್ನದೊಂದೋ ನಿಮ್ಮದೂ ಸೇರಿ ಎರಡೋ ಎಂಬುದು ನಿಮ್ಮ ಮಾತು. ಬರುವ ಬುಧವಾರ, ಹದಿನೆಂಟನೇ ತಾರೀಖು, ಬೆಳಗಿನ ವಿಶ್ವಮಾನವ ಎಕ್ಸ್‌ಪ್ರೆಸ್ಸಿಗೆ ಹಾವೇರಿಯಲ್ಲಿ ಇಳಿಯುತ್ತೇನೆ, ಒಬ್ಬಳೇ.